ಮೇಪಲ್ ಮರದ ಆಲೆಮನೆ

ಫೆಬ್ರವರಿ 1, 2004, ಭಾನುವಾರ

ಇವತ್ತು ಬಕ್ರೀದ್. ಇವರು ತೀರಿಹೋದ ಮೇಲೆ ಬಂದ ರಂಜಾನ್ ಇದ್ದತ್ತಿನಲ್ಲೇ ಕಳೆದುಹೋಯಿತು. ಮನೆ ಬಿಟ್ಟು ಹೊರಗೆ ಕಾಲಿಡದ ಆ ದಿನಗಳಲ್ಲಿ ಹಬ್ಬ ಯಾವುದು, ವಾರ ಯಾವುದು ಒಂದೂ ತಿಳಿದಿರಲಿಲ್ಲ. ಈ ಸಲವಾದರೂ ಮಕ್ಕಳಿಗೋಸ್ಕರ ಹಬ್ಬ ಮಾಡಬೇಕು ಅಂತ ಹಟ ಹಿಡಿದು ಮಾಡಿದೆ.

ಮಗ ಅರ್ಹಾನ್, ಸೊಸೆ ಸುಬಿಯಾ ಎಲ್ಕ್ ಗ್ರೋವ್‌ನಿಂದ ನಿನ್ನೆಯೇ ಬಂದಿದ್ದರು. ಮಗಳು ಅಲಿಯಾ ಆನ್ ಆರ್ಬರ್ ಹಾಸ್ಟೆಲ್‌ನಿಂದ ಬೆಳಿಗ್ಗೆ ಬಂದಳು. ಇವರಿದ್ದಾಗ ಮಾಡುತ್ತಿದ್ದ ಹಾಗೇ ದೊಡ್ಡ ದೇಗ್ಚಿ ಇಳಿಸಿ ಬಿರಿಯಾನಿ ದಮ್ ಹಾಕಿದೆ. ಮುಚ್ಚಳ ತೆಗೆದಾಗ ಮನೆಯೆಲ್ಲ ಘಮ್ ಅಂತು. ಅರ್ಹಾನ್ ನೇರ ಹೋಗಿ ಅವನ ಅಬ್ಬು ಕೂರುತ್ತಿದ್ದ ಕುರ್ಚಿಯಲ್ಲಿ ಕೂತ. ಅವನಿಗೆ ಗೊತ್ತಾಗಲಿಲ್ಲ. ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಅಲಿಯಾ ತಟ್ಟೆಯನ್ನೇ ತಗೊಳ್ಳಲಿಲ್ಲ. ಸೆಪ್ಟೆಂಬರ್‌ನಿಂದ ಮಾಂಸ ಮುಟ್ಟಿಲ್ಲ. ಈಗ ಹಾಲು, ಮೊಸರು, ತುಪ್ಪ, ಮೊಟ್ಟೆ, ಕೊನೆಗೆ ಜೇನು ಕೂಡ ಇಲ್ಲವಂತೆ. ವೀಗನ್ ಅಂತ ಅದಕ್ಕೊಂದು ಹೆಸರು.

"ಒಂದು ಚಮಚ ಖೀರಾದರೂ ತಿನ್ನು. ಅದರಲ್ಲೇನು ಮಾಂಸ ಇದೆಯಾ?"

"ಹಾಲಿದೆ ಅಮ್ಮಿ. ಐ ಟೋಲ್ಡ್ ಯೂ."

ಬ್ಯಾಗಿನಿಂದ ಬ್ರೆಡ್ ತೆಗೆದು ಸೌತೆಕಾಯಿ ಹೋಳಿಟ್ಟು ತಿಂದಳು. ಹಬ್ಬದ ದಿನ, ನನ್ನ ಮನೆಯಲ್ಲಿ, ನನ್ನೆದುರಿಗೆ. ದನ ಮೇಯೋ ಹಾಗೆ ಹುಲ್ಲು ತಿಂತಾಳೆ ಅಂದೆ. ಅವಳು ಎದ್ದು ಮಹಡಿಗೆ ಹೋದಳು.

ಊಟವಾದ ಮೇಲೆ ಅರ್ಹಾನ್ ಮನೆಯ ವಿಷಯ ತೆಗೆದ. "ಬೇಸಿಗೆಗೆ ಮನೆ ಮಾರಿಬಿಡೋಣ ಅಮ್ಮಿ. ನಮ್ಮ ಜೊತೆ ಬಂದಿರಿ. ಇಲ್ಲಿ ಒಬ್ಬರೇ ಏನು ಮಾಡ್ತೀರಿ?"

"ನಿನಗೆ ಸರಿ ಅನಿಸಿದ್ದು ಮಾಡಪ್ಪ," ಅಂದೆ.

ಅವನು ಹೇಳೋದೂ ನಿಜವೇ. ವಿಕ್ಸಮ್‌ನ ಇವರ ಟೂಲ್ ಶಾಪ್ ಬೇರೆಯವರ ಕೈಗೆ ಹೋಯಿತು. ಹತ್ತಿರದ ಅಂಗಡಿಗೆ ಹೋಗಿ ಬರೋದು ಬಿಟ್ಟರೆ ನಾನು ಗಾಡಿ ಓಡಿಸಿದವಳಲ್ಲ. ಹೈವೇಯಂತೂ ಹತ್ತಿದ್ದೇ ಇಲ್ಲ, ಅದೆಲ್ಲ ಇವರ ಪಾಲಿನ ಕೆಲಸವಾಗಿತ್ತು.

ಇದನ್ನೆಲ್ಲ ಯಾರಿಗೆ ಹೇಳಲಿ? ಬರೆದರೆ ಸ್ವಲ್ಪ ಹಗುರ. ಮನೆಮಾತು ಉರ್ದುವಾದರೂ ಬರೆಯೋಕೆ ಕೂತರೆ ನನಗೆ ಪಾಂಡವಪುರದ ಸ್ಕೂಲಲ್ಲಿ ಕಲಿತ ಕನ್ನಡವೇ ಬರೋದು. ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ. ಅದೂ ಒಳ್ಳೆಯದೇ.

ಫೆಬ್ರವರಿ 10, ಮಂಗಳವಾರ

ಉಳಿದ ಬಿರಿಯಾನಿ ಇವತ್ತು ಚೆಲ್ಲಿದೆ. ಹಿಮ. ಯಾರೂ ಬರಲಿಲ್ಲ.

ಫೆಬ್ರವರಿ 18, ಬುಧವಾರ

ಅಲಿಯಾ ಫೋನ್ ಮಾಡಿದ್ದಳು. ಹೊವೆಲ್ ಆಚೆ ಒಂದು ಫಾರ್ಮ್‌ನಲ್ಲಿ ಶನಿವಾರ ಭಾನುವಾರ ಕೆಲಸಕ್ಕೆ ಹೋಗ್ತಾಳಂತೆ. ಮೇಪಲ್ ಮರಗಳಿಗೆ ತೂತು ಕೊರೆದು ಬಕೆಟ್ ಕಟ್ಟೋದು, ತುಂಬಿದ ರಸ ಹೊತ್ತು ತರೋದು. ಆ ರಸ ಕಾಯಿಸಿ ಸಿರಪ್ ಮಾಡೋ ಗುಡಿಸಲಿನಲ್ಲೇ ಮಾರ್ಚ್ ತಿಂಗಳಲ್ಲಿ ಜನಕ್ಕೆ ತಿಂಡಿ ಕೊಡ್ತಾರಂತೆ. ಪ್ಯಾನ್‌ಕೇಕು, ಸಾಸೇಜು, ಹಂದಿ ಮಾಂಸ ಹಾಕಿದ ಬೀನ್ಸು, ಅದರ ಮೇಲೆ ಬಿಸಿ ಸಿರಪ್. ಯಜಮಾನ ಲಾಯ್ಡ್, ಅವನ ಹೆಂಡತಿ ಡೋರಿಸ್. ಇಬ್ಬರಿಗೂ ಎಪ್ಪತ್ತು ದಾಟಿದೆ. ಮಾರ್ಚ್ ಇಪ್ಪತ್ತಕ್ಕೆ ಅಲಿಯಾಳ ಕಾಲೇಜಿನ ವೀಗನ್ ಹುಡುಗ ಹುಡುಗಿಯರೆಲ್ಲ ಅಲ್ಲಿಗೆ ತಿಂಡಿಗೆ ಬರ್ತಾರಂತೆ. ಆವತ್ತು ಹಾಲು ಮೊಟ್ಟೆ ಇಲ್ಲದ್ದನ್ನು ತಾನೇ ಮಾಡಿ ಬಡಿಸ್ತೀನಿ ಅಂತ ಡೋರಿಸ್‌ಗೆ ಮಾತು ಕೊಟ್ಟಿದಾಳೆ.

"ಅನ್ನಕ್ಕೆ ನೀರಿಡೋಕೆ ಬರಲ್ಲ ನಿನಗೆ," ಅಂದೆ.

"ಕಲಿತೀನಿ," ಅಂದಳು.

ಫೋನ್ ಇಟ್ಟ ಮೇಲೆ ನೆನಪಾಯಿತು. ಎಪ್ಪತ್ತೊಂಬತ್ತರಲ್ಲಿ ನಾವು ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಇವರು ಹಳೇ ಗಾಡಿ ಕೊಂಡು, ಓಡಿಸೋಕೆ ಕಲಿಯುತ್ತಾ ನನ್ನನ್ನು ಕೂರಿಸಿಕೊಂಡು ಹಳ್ಳಿ ರಸ್ತೆಗಳಲ್ಲಿ ತಿರುಗುತ್ತಿದ್ದರು. ಎಲೆ ಉದುರಿದ ಮರಗಳಿಗೆಲ್ಲ ಬಕೆಟ್ ಕಟ್ಟಿದ್ದು ನೋಡಿ, "ಇಲ್ಲಿ ಮರದ ಹಾಲು ಕರೀತಾರಾ?" ಅಂತ ಕೇಳಿದ್ದೆ. ಇವರು ಗಾಡಿ ನಿಲ್ಲಿಸಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಇವರಿಗೂ ಗೊತ್ತಿಲ್ಲ ಅಂತ ತಿಳೀತು.

ಫೆಬ್ರವರಿ 29, ಭಾನುವಾರ

ಇವತ್ತು ಆ ಫಾರ್ಮ್‌ಗೆ ಹೋಗಿದ್ದೆ. ಈ ವರ್ಷದ ಮೊದಲ ಬೇಯಿಸುವಿಕೆ, ಬನ್ನಿ ಬನ್ನಿ ಅಂತ ಅಲಿಯಾ ಪೀಡಿಸಿದಳು. ಮೂರು ಮನೆ ಆಚೆ ಇರುವ ಮೈಸೂರಿನ ವಸುಧಾ ಗಾಡಿ ತೆಗೆದಳು.

ಕಾಡಿನ ಅಂಚಿನಲ್ಲಿ ಮರದ ಹಲಗೆಯ ಗುಡಿಸಲು. ಮಾಡಿನ ತೆರಪಿನಿಂದ ಬಿಳಿ ಹಬೆ ಏಳುತ್ತಿತ್ತು. ಬಾಗಿಲು ತೆಗೆದು ಒಳಗೆ ಕಾಲಿಟ್ಟೆ, ಅಲ್ಲೇ ನಿಂತುಬಿಟ್ಟೆ. ಕಟ್ಟಿಗೆ ಒಲೆ, ಉದ್ದನೆಯ ತಗಡಿನ ಕೊಪ್ಪರಿಗೆ, ಕುದಿಯುವ ರಸ, ಸಿಹಿ ಹಬೆ ಕಣ್ಣು ಮೂಗು ಎಲ್ಲ ತುಂಬಿಕೊಂಡಿತು. ನಮ್ಮ ಅಬ್ಬಾಜಾನ್ ಆಲೆಮನೆಯೇ.

ನಾಲೆ ಪಕ್ಕ ನಮ್ಮದೊಂದು ಆಲೆಮನೆ ಇತ್ತು. ಸುಗ್ಗಿ ಕಾಲದಲ್ಲಿ ಸ್ಕೂಲಿಂದ ನೇರ ಅಲ್ಲಿಗೇ ಓಡುತ್ತಿದ್ದೆವು. ಒಂದು ಕಡೆ ಗಾಣ ಕಬ್ಬು ಅರೆಯುತ್ತಿತ್ತು, ಇನ್ನೊಂದು ಕಡೆ ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದರು. ಅಬ್ಬಾಜಾನ್ ಲುಂಗಿ ಮೇಲೆ ಕಟ್ಟಿಕೊಂಡು ಕೊಪ್ಪರಿಗೆ ಪಕ್ಕ ನಿಂತು ನೊರೆ ನೋಡೋರು. ನಮಗೋಸ್ಕರ ಗೆಣಸನ್ನು ದಾರಕ್ಕೆ ಕಟ್ಟಿ ಕುದಿಯುವ ಕಬ್ಬಿನ ಹಾಲಿಗೆ ಇಳಿಬಿಡೋರು. ಬೆಂದ ಗೆಣಸು ಬೆಲ್ಲ ಕುಡಿದು ಕೆಂಪಗಾಗಿರೋದು. ಊದಿ ಊದಿ ತಿನ್ನೋಕೂ ತಾಳ್ಮೆ ಇರಲಿಲ್ಲ, ನಾಲಿಗೆ ಸುಟ್ಟುಕೊಳ್ಳುತ್ತಿದ್ದೆವು.

ಲಾಯ್ಡ್ ದೊಡ್ಡ ಸೌಟಿನಿಂದ ಬಿಸಿ ಸಿರಪ್ ತೆಗೆದು ನನಗೆ, ವಸುಧಾಗೆ, ಅಲಿಯಾಗೆ ಮೂವರಿಗೂ ಕಾಗದದ ಲೋಟದಲ್ಲಿ ಕೊಟ್ಟ. ಜೋನಿಬೆಲ್ಲಕ್ಕಿಂತ ತೆಳು, ಸ್ವಲ್ಪ ಹೊಗೆಯ ವಾಸನೆ. ಕಣ್ಣು ಮುಚ್ಚಿ ಪೂರ್ತಿ ಕುಡಿದೆ. ಕಣ್ಣು ಬಿಟ್ಟಾಗ ಕೊಪ್ಪರಿಗೆ ಮೇಲೆ ದಾರದಲ್ಲಿ ಏನೋ ಬೆಳ್ಳಗೆ ತೂಗಾಡುತ್ತಿದ್ದದ್ದು ಕಂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಇವರೂ ಮಕ್ಕಳಿಗೆ ಗೆಣಸು ಬೇಯಿಸ್ತಾರಾ ಅಂತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

"ಅಲ್ಲ ಮ್ಯಾಮ್," ಅಂದ ಲಾಯ್ಡ್. "ಅದು ಹಂದಿ ಕೊಬ್ಬು. ನೊರೆ ಉಕ್ಕಿ ಅದಕ್ಕೆ ತಗುಲಿದರೆ ಸಾಕು, ಇಳಿದುಹೋಗುತ್ತೆ. ನಮ್ಮಜ್ಜನ ಕಾಲದಿಂದ ಹೀಗೇ."

ತೌಬಾ. ನಾನು ಬಾಗಿಲು ತಳ್ಳಿಕೊಂಡು ಹೊರಗೋಡಿದೆ. ಹಿಂದೆಯೇ ವಸುಧಾ, ಮೊಟ್ಟೆ ಸಹ ಮುಟ್ಟದವಳು, "ರಾಮ ರಾಮ" ಅಂತ ಬಾಯಿಗೆ ಕೈ ಇಟ್ಟುಕೊಂಡು ಬಂದಳು. ಅವಳ ಹಿಂದೆ ಅಲಿಯಾ. ಮೂವರೂ ಹಿಮದಲ್ಲಿ ಬಗ್ಗಿ ಉಗಿದದ್ದೇ ಉಗಿದದ್ದು. ನಾನು ಹಿಮವನ್ನೇ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದೆ.

ವಸುಧಾ ನನ್ನ ಮುಖ ನೋಡಿದಳು, ಅಲಿಯಾ ಮುಖ ನೋಡಿದಳು. "ಷಹನಾಜ್, ನಿಮ್ಮದು ಹರಾಮು, ನನ್ನದು ಮಡಿ, ಇವಳದ್ದೇನು?"

"ಎಥಿಕ್ಸ್, ಆಂಟಿ," ಅಂದಳು ಅಲಿಯಾ, ಇನ್ನೂ ಉಗಿಯುತ್ತಾ.

ನಗು ಬಂದುಬಿಟ್ಟಿತು. ನಿಲ್ಲಿಸೋಕೇ ಆಗಲಿಲ್ಲ. ಅಲಿಯಾ ನನ್ನ ಕೋಟು ಹಿಡಿದುಕೊಂಡು ನಗುತ್ತಿದ್ದಳು, ನಾನು ಮರ ಹಿಡಿದುಕೊಂಡಿದ್ದೆ. ಡೋರಿಸ್ ಬಾಗಿಲಲ್ಲಿ ನಿಂತು, ಏನಾಯಿತೋ ಅಂತ ಗಾಬರಿಯಿಂದ ನೋಡುತ್ತಿದ್ದಳು.

ಗೊತ್ತಿಲ್ಲದೆ ತಿಂದದ್ದು ಪಾಪವಲ್ಲ ಅಂತಾರೆ. ಆದರೂ ಮನೆಗೆ ಬಂದು ಮೂರು ಸಲ ಹಲ್ಲುಜ್ಜಿದೆ.

ಮಾರ್ಚ್ 3, ಬುಧವಾರ

ಅಲಿಯಾ ಫೋನಿನಲ್ಲಿ ಅಳುತ್ತಿದ್ದಳು. ಹೋದ ವರ್ಷದ ಸಿರಪ್ಪಿಗೂ ಅದೇ ಕೊಬ್ಬು ಮುಟ್ಟಿದೆ. ಮೇಪಲ್ ಸಿರಪ್ ಅಂದರೆ ಮರದ ರಸ, ಇನ್ನೇನೂ ಇರಲ್ಲ ಅಂತ ಸ್ನೇಹಿತರಿಗೆಲ್ಲ ತಾನೇ ಹೇಳಿದ್ದಳಂತೆ. ಈಗ ಯಾವ ಮುಖ ಇಟ್ಟುಕೊಂಡು ಬರಬೇಡಿ ಅನ್ನಲಿ ಅಂದಳು.

"ಅಬ್ಬಾಜಾನ್ ನೊರೆ ಉಕ್ಕಿದರೆ ಹರಳೆಣ್ಣೆ ಚಿಮುಕಿಸೋರು," ಅಂದೆ. "ಎರಡೇ ಹನಿ. ಹಾಲಿನ ಪಾತ್ರೆ ಕೆಳಗಿಟ್ಟ ಹಾಗೆ ಇಳಿದುಬಿಡೋದು."

"ಕ್ಯಾಸ್ಟರ್ ಆಯಿಲ್? ಎಲ್ಲರೂ ಬಾತ್‌ರೂಮಿಗೆ ಓಡ್ತಾರೆ ಅಮ್ಮಿ."

"ಹಾಗಾದರೆ ಸೂರ್ಯಕಾಂತಿ ಎಣ್ಣೆ. ಎಣ್ಣೆ ಎಣ್ಣೆಯೇ."

ಮೂಗು ಸೀನಿದ್ದು ಕೇಳಿಸಿತು. ಆಮೇಲೆ, "ನೀವೇ ಬಂದು ಲಾಯ್ಡ್‌ಗೆ ಹೇಳ್ತೀರಾ? ಪ್ಲೀಸ್," ಅಂದಳು.

ಅವಳು ನನ್ನನ್ನು ಏನಾದರೂ ಬೇಡಿ ಎಷ್ಟು ದಿನವಾಗಿತ್ತು.

ಮಾರ್ಚ್ 7, ಭಾನುವಾರ

ಬರೆಯೋಕೆ ನಾಚಿಕೆಯಾಗುತ್ತೆ. ವಸುಧಾ ದೂರದ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ದಾಳೆ, ಅದಕ್ಕೆ ನಾನೇ ಹೈವೇಯಲ್ಲಿ ಗಾಡಿ ಓಡಿಸಿಕೊಂಡು ಹೋದೆ. ಹೊವೆಲ್ ಎಕ್ಸಿಟ್ ಹತ್ತಿರ ರಸ್ತೆ ಕೆಲಸ ನಡೀತಿತ್ತು, ಹೋಗೋದು ತಡವಾಯಿತು.

ಲಾಯ್ಡ್ ನನ್ನ ಮಾತು ಪೂರ್ತಿ ಕೇಳಿದ. "ನಮ್ಮ ಪಕ್ಕದ ಫಾರ್ಮ್‌ನಲ್ಲಿ ಬೆಣ್ಣೆ ಹಾಕ್ತಾರೆ. ಇನ್ನೊಬ್ಬರು ಸ್ಪ್ರೂಸ್ ಮರದ ಕೊಂಬೆ ಅದ್ದುತ್ತಿದ್ದರು. ನಮ್ಮಜ್ಜ ಹಂದಿ ಸಾಕಿದ್ದ, ಅದಕ್ಕೆ ಹಂದಿ ಕೊಬ್ಬು. ನಿಮ್ಮಪ್ಪನದೂ ನೋಡೋಣ," ಅಂದ. ಹಳೇ ರಸವನ್ನೆಲ್ಲ ಬಸಿದು, ಕೊಪ್ಪರಿಗೆ ಬಿಸಿನೀರಲ್ಲಿ ಉಜ್ಜಿ ತೊಳೆದು, ಹೊಸ ರಸ ಬಿಟ್ಟ. ಎಣ್ಣೆ ಸೀಸೆ ನನ್ನ ಕೈಗೆ ಕೊಟ್ಟ.

ನಾನು ಆಲೆಮನೆ ನೋಡಿದ್ದೇ ಹೊರತು ಯಾವತ್ತೂ ಕೊಪ್ಪರಿಗೆ ಕಾದವಳಲ್ಲ. ಡೋರಿಸ್ ಜೊತೆ ಮಾತಿಗೆ ನಿಂತೆ. ಇವರ ಬಗ್ಗೆ ಕೇಳಿದಳು, ಹೇಳುತ್ತಾ ಹೇಳುತ್ತಾ ಮೈಮರೆತೆ. ತಿರುಗಿ ನೋಡುವಾಗ ನೊರೆ ಗೋಪುರದ ಹಾಗೆ ಎದ್ದಿತ್ತು. ಎಣ್ಣೆ ಸುರಿದೆ, ಆದರೆ ಹೊತ್ತು ಮೀರಿತ್ತು. ರಸ ಎಲ್ಲ ಕಡೆಯಿಂದ ಉಕ್ಕಿ ಒಲೆಗೆ ಸುರಿಯಿತು, ತಳದಲ್ಲಿ ಉಳಿದದ್ದು ಸೀದು ಕರಿ. ಗುಡಿಸಲೆಲ್ಲ ಕಹಿ ಹೊಗೆ. ಅಲಿಯಾ ಬೆಳಿಗ್ಗೆಯಿಂದ ಹಿಮದಲ್ಲಿ ಹೊತ್ತು ತಂದ ರಸ.

"ಕ್ಷಮಿಸಿ, ಇನ್ನು ಬರಲ್ಲ," ಅಂದೆ.

ಲಾಯ್ಡ್ ಕೊಪ್ಪರಿಗೆ ಕೆರೆಯುತ್ತಾ ತಲೆ ಎತ್ತಲಿಲ್ಲ. "ಇದನ್ನು ನಮ್ಮಪ್ಪ ಸೀಯಿಸಿದ್ದ. ನಾನೂ ಸೀಯಿಸಿದ್ದೀನಿ. ನನ್ನ ಮಗನಂತೂ ತಳವನ್ನೇ ತೂತು ಮಾಡಿದ್ದ. ಬುಧವಾರ ಬನ್ನಿ."

ಅಲಿಯಾ ಗಾಡಿಯವರೆಗೆ ಬಂದಳು. ಬೈತಾಳೆ ಅಂದುಕೊಂಡೆ. ನನ್ನ ಹಣೆಗೆ ಮೆತ್ತಿದ್ದ ಮಸಿ ಒರೆಸಿ, ನಿಧಾನ ಹೋಗಿ ಅಂದಳು.

ಮಾರ್ಚ್ 10, ಬುಧವಾರ

ಇವತ್ತು ಯಾರ ಜೊತೆಯೂ ಮಾತಾಡಲಿಲ್ಲ. ನೊರೆ ಅಂಚಿಗೆ ಬರುವ ಮೊದಲೇ ಒಂದು ಹನಿ. ಇಳಿಯಿತು. ಮತ್ತೆ ಬಂತು, ಮತ್ತೊಂದು ಹನಿ. ಸಂಜೆವರೆಗೂ ನಿಂತೆ. ಲಾಯ್ಡ್ ಸಿರಪ್ಪನ್ನು ಬೆಳಕಿಗೆ ಹಿಡಿದು ನೋಡಿ, ರುಚಿ ನೋಡಿ, ದಾರದಲ್ಲಿದ್ದ ಕೊಬ್ಬು ಬಿಚ್ಚಿ ನಾಯಿಗೆ ಹಾಕಿದ. "ಈ ವರ್ಷಕ್ಕೆ ಎಣ್ಣೆಯೇ," ಅಂದ.

ಬೆನ್ನು ನೋವು. ತಲೆಗೂದಲಿಂದ ಇನ್ನೂ ಬೆಲ್ಲದ ವಾಸನೆ ಬರ್ತಿದೆ. ತೊಳೆಯೋಕೆ ಮನಸ್ಸಿಲ್ಲ. ಅಬ್ಬಾಜಾನ್ ಮನೆಗೆ ಬಂದರೆ ಅವರ ಶಲ್ಯ ಹೀಗೇ ನಾರುತ್ತಿತ್ತು, ನಮ್ಮ ಅಮ್ಮಿ ಬಯ್ಯೋರು.

ಮಾರ್ಚ್ 16, ಮಂಗಳವಾರ

ಅಲಿಯಾ ಮೊನ್ನೆ ಬಂದು ಮೊಟ್ಟೆ ಇಲ್ಲದ ಪ್ಯಾನ್‌ಕೇಕ್ ಮಾಡಿ ತೋರಿಸಿದಳು. ಅದರಿಂದ ಗೋಡೆಗೆ ಕಾಗದ ಅಂಟಿಸಬಹುದಿತ್ತು. "ಹಾಲು ಬೇಡ, ಮೊಟ್ಟೆ ಬೇಡ ಅಂತ ಇಷ್ಟು ಕಷ್ಟ ಯಾಕೆ? ದೋಸೆಯಲ್ಲಿ ಇದೆಲ್ಲ ಯಾವತ್ತು ಇತ್ತು?" ಅಂದೆ. ಅವಳು ನನ್ನ ಮುಖ ನೋಡಿದಳು. ನಮ್ಮಿಬ್ಬರಿಗೂ ಇಷ್ಟು ದಿನ ಹೊಳೆದಿರಲೇ ಇಲ್ಲ.

ಸೆಟ್ ದೋಸೆ ಅಂತ ನಿರ್ಧಾರವಾಗಿದೆ. ಹೊರಗೆ ನೀರು ಹೆಪ್ಪುಗಟ್ಟೋ ಚಳಿ, ಹಿಟ್ಟು ಉಬ್ಬಬೇಕಲ್ಲ. ಓವೆನ್ನಿನ ಲೈಟ್ ಹಾಕಿ ಅದರೊಳಗೆ ಇಟ್ಟು ನೋಡಿದೆ, ಚೆನ್ನಾಗಿ ಬಂತು. ಬೀನ್ಸಿಗೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಸಿರಪ್ಪೇ ಹಾಕೋದು. ಡೋರಿಸ್‌ನ ಕಾವಲಿಯಲ್ಲಿ ಸಾಸೇಜ್ ಸುಡ್ತಾರೆ, ಅದು ಬೇಡ. ನನ್ನವೇ ಎರಡು ಕಬ್ಬಿಣದ ಕಾವಲಿ ಒಯ್ಯಬೇಕು.

ಅರ್ಹಾನ್ ಫೋನ್ ಮಾಡಿ, ಶುಕ್ರವಾರ ಏಜೆಂಟ್ ಮನೆ ನೋಡೋಕೆ ಬರ್ತಾನೆ ಅಂದ. ಶುಕ್ರವಾರ ಅಕ್ಕಿ ರುಬ್ಬೋದಿದೆ, ಆಗಲ್ಲ ಅಂದೆ.

ಮಾರ್ಚ್ 20, ಶನಿವಾರ

ಬೆಳಿಗ್ಗೆ ಹೋದಾಗ ಒಂದು ಕಡೆ ಉದ್ದನೆಯ ಮೇಜಿನಲ್ಲಿ ಡೋರಿಸ್‌ನ ಪ್ಯಾನ್‌ಕೇಕು, ಸಾಸೇಜು, ಅವಳ ಹಳೇ ಗಿರಾಕಿಗಳು. ಇನ್ನೊಂದು ಕಡೆ ನಮ್ಮ ಮೇಜು. ಅಲಿಯಾಳ ಸ್ನೇಹಿತರು ಮೂಗಿಗೆ ಓಲೆ, ತಲೆಗೆ ಬಣ್ಣ ಹಾಕಿಕೊಂಡು ಗುಂಪುಗುಂಪಾಗಿ ಬಂದರು. ವಸುಧಾ ಬೀನ್ಸ್ ಬಡಿಸೋಕೆ ನಿಂತಳು. ನಾನು ಕಾವಲಿ ಮುಂದೆ.

ಮೊದಲ ದೋಸೆ ಕಿತ್ತುಹೋಯಿತು. ಎರಡನೆಯದೂ. ಅಲಿಯಾ ಮುಖ ಸಣ್ಣದಾಯಿತು. ಬೆಂಕಿ ಜಾಸ್ತಿಯಾಗಿತ್ತು. ಸ್ವಲ್ಪ ನೀರು ಚಿಮುಕಿಸಿ, ಈರುಳ್ಳಿ ಹೋಳಿನಿಂದ ಉಜ್ಜಿ ಮತ್ತೆ ಹುಯ್ದೆ. ಕಣ್ಣು ಕಣ್ಣಾಗಿ ಅರಳಿತು. ಆಮೇಲೆ ಕೈ ನಿಲ್ಲಲಿಲ್ಲ. ಮಕ್ಕಳು ಬಿಸಿ ದೋಸೆ ಮೇಲೆ ಬಿಸಿ ಸಿರಪ್ ಸುರಿದುಕೊಂಡು ಬೆರಳು ನೆಕ್ಕಿಕೊಂಡು ತಿಂದರು. ಡೋರಿಸ್ ಮೇಜಿನ ಒಬ್ಬ ಮುದುಕ ತಟ್ಟೆ ಹಿಡಿದುಕೊಂಡು ಬಂದು, ಇದರಲ್ಲಿ ಏನೇನಿಲ್ಲ ಅಂತ ಕೇಳಿದ. ಹೇಳಿದೆವು. "ಹಾಗಾದರೆ ಏನಿದೆ?" ಅಂದ. ಅಕ್ಕಿ, ಉದ್ದು ಅಂದೆ. ಮತ್ತೆ ಎರಡು ಸಲ ಬಂದ.

ಎಲ್ಲರದೂ ಆದ ಮೇಲೆ ಅಲಿಯಾ ಬಂದು ನನ್ನ ಪಕ್ಕ ನಿಂತು ತಟ್ಟೆ ಒಡ್ಡಿದಳು. ಕಾವಲಿಯಿಂದ ನೇರ ಅವಳ ತಟ್ಟೆಗೆ ಹಾಕುತ್ತಾ ಹೋದೆ. ನಿಂತುಕೊಂಡೇ ತಿಂದಳು, ಚಿಕ್ಕವಳಿದ್ದಾಗಿನ ಹಾಗೆ.

ಪಾತ್ರೆ ತೊಳೆಯುವಾಗ ನಾವಿಬ್ಬರೇ ಇದ್ದೆವು. ಮಾಂಸ ಯಾಕೆ ಬಿಟ್ಟೆ ಮಗಳೇ, ನಿಜ ಹೇಳು ಅಂದೆ.

ಕಾವಲಿ ಉಜ್ಜುತ್ತಲೇ ಹೇಳಿದಳು. "ಅಬ್ಬು ಆಸ್ಪತ್ರೆಯಲ್ಲಿದ್ದಾಗ ನೀವು ನನ್ನ ಮನೆಗೆ ಕಳಿಸಿದಿರಿ, ಏನಾದರೂ ತಿಂದು ಬಾ ಅಂತ. ಫ್ರಿಜ್‌ನಲ್ಲಿ ಖೀಮಾ ಇತ್ತು. ಬಿಸಿ ಮಾಡ್ಕೊಂಡು ಒಂದು ತುತ್ತು ಬಾಯಿಗಿಟ್ಟೆ, ಅರ್ಹಾನ್ ಭಾಯಿ ಫೋನ್ ಬಂತು. ನುಂಗೋಕೂ ಆಗಲಿಲ್ಲ, ಉಗಿಯೋಕೂ ಆಗಲಿಲ್ಲ. ಆಮೇಲೆ ಮಾಂಸ ಒಲ್ಲೆ ಅನಿಸ್ತು. ಓದ್ತಾ ಓದ್ತಾ ಮಿಕ್ಕಿದ್ದೂ ಬಿಟ್ಟೆ. ಈಗ ಅದಷ್ಟೇ ಕಾರಣ ಅಲ್ಲ ಅಮ್ಮಿ. ಈಗ ಇದು ನಂಬಿಕೆ."

ಆ ಖೀಮಾ ಇವರಿಗೆ ಇಷ್ಟ ಅಂತ ಮಾಡಿಟ್ಟಿದ್ದೆ. ಇವರು ವಾಪಸು ಬಂದು ತಿಂತಾರೆ ಅಂದುಕೊಂಡಿದ್ದೆ.

"ಅದಕ್ಕೆ ಬಟಾಣಿ ಹಾಕಿದ್ದೆ, ಅಲ್ವಾ?" ಅಂತ ಕೇಳಿದೆ.

"ಹೂಂ. ಅಬ್ಬುಗೆ ಬಟಾಣಿ ಇರಬೇಕಿತ್ತು."

ಒದ್ದೆ ಕೈಯಲ್ಲೇ ಅವಳು ನನ್ನ ತಬ್ಬಿಕೊಂಡಳು. ಇಬ್ಬರೂ ಅತ್ತೆವು. ಸೆಪ್ಟೆಂಬರ್‌ನಲ್ಲಿ ಇವರು ಹೋದಾಗ ಅವಳು ಒಂದು ಕಡೆ ಅತ್ತಿದ್ದಳು, ನಾನು ಇನ್ನೊಂದು ಕಡೆ.

ಮಾರ್ಚ್ 23, ಮಂಗಳವಾರ

ತೊವ್ವೆ, ಹುರುಳಿಕಾಯಿ ಪಲ್ಯ. ತುಪ್ಪ ಮುಗಿದು ಎಷ್ಟು ದಿನವಾಯಿತೋ, ತರೋದು ಮರೆತಿದೀನಿ.

ಏಪ್ರಿಲ್ 4, ಭಾನುವಾರ

ಮೇಪಲ್ ಮರಗಳು ಚಿಗುರಿವೆ. ಚಿಗುರಿದ ಮೇಲೆ ರಸಕ್ಕೆ ಒಗರು ಬರುತ್ತಂತೆ, ಅಲ್ಲಿಗೆ ಸೀಸನ್ ಮುಗಿಯಿತು. ಇವತ್ತು ಬಕೆಟ್ ಇಳಿಸೋಕೆ ಹೋಗಿದ್ದೆ. ಕಾಡಿನ ತುಂಬ ಕೆಸರು, ಹಕ್ಕಿಗಳ ಗಲಾಟೆ. ಲಾಯ್ಡ್ ಒಲೆಯ ಬೂದಿ ಗೋರುತ್ತಿದ್ದ. ಡೋರಿಸ್ ಬೆನ್ನು ಹಿಡಿದುಕೊಂಡು ಕೂತು, ಇನ್ನು ಮುಂದೆ ಎಲ್ಲ ಶನಿವಾರ ತನ್ನಿಂದ ಆಗಲ್ಲ, ಬರುವ ವರ್ಷದಿಂದ ಒಂದೊಂದು ವಾರ ಬಿಟ್ಟು ನಿನ್ನ ಮೇಜು ಹಾಕು ಅಂದಳು. ಹೂಂ ಅಂದೆ. ಉದ್ದಿನಬೇಳೆ ಎಲ್ಲಿ ಒಳ್ಳೆಯದು ಸಿಗುತ್ತೆ ವಿಚಾರಿಸಬೇಕು.

ಅಲಿಯಾ ಬೇಸಿಗೆಗೆ ಆನ್ ಆರ್ಬರ್‌ನಲ್ಲಿ ನಿಲ್ಲಲ್ಲವಂತೆ, ಮನೆಗೆ ಬರ್ತಾಳೆ. ಹಬ್ಬಕ್ಕೆ ಬಿರಿಯಾನಿ ಮಾಡಬೇಡಿ ಅಂತ ಅವಳೇನೂ ಹೇಳಲ್ಲ, ಮಾಡೋದು ನಾನೂ ಬಿಡಲ್ಲ. ಅವಳ ಪಾಲಿಗೆ ಬೇರೆ ದೇಗ್ಚಿ ಇಟ್ಟರಾಯಿತು.

ಸಂಜೆ ಅರ್ಹಾನ್ ಫೋನ್. ಏಜೆಂಟ್‌ಗೆ ಈ ಸಲ ಖಂಡಿತ ದಿನ ಹೇಳಬೇಕು, ವಸಂತ ಕಾಲದಲ್ಲೇ ಮನೆಗಳು ಬೇಗ ಹೋಗೋದು ಅಂದ.

"ಬೇಡ ಅಂತ ಹೇಳಿಬಿಡು," ಅಂದೆ.

"ಅಮ್ಮಿ, ಅಷ್ಟು ದೊಡ್ಡ ಮನೇಲಿ ಯಾರಿರ್ತಾರೆ?"

"ನಾನಿರ್ತೀನಿ."

ಆ ಕಡೆ ಸುಬಿಯಾ ಏನೋ ಕೇಳಿದ್ದು, ಅವನು ಮೆಲ್ಲಗೆ ಏನೋ ಹೇಳಿದ್ದು ಕೇಳಿಸಿತು. ಕೋಪ ಮಾಡಿಕೊಂಡನೇನೋ ಅಂತ ಕಾದೆ.

"ಸರಿ ಅಮ್ಮಿ," ಅಂದ. "ಮುಂದಿನ ಶನಿವಾರ ಬರ್ತೀವಿ. ಹುಲ್ಲು ಕತ್ತರಿಸೋ ಮೆಷಿನ್ ಗರಾಜಿನಿಂದ ಆಚೆ ಇಟ್ಟಿರಿ, ನಿಮಗೆ ಸ್ಟಾರ್ಟ್ ಮಾಡೋದು ತೋರಿಸಿಕೊಡ್ತೀನಿ."